ಜಗಳವಿಲ್ಲದ ಅಕ್ವೇರಿಯಂಗೆ 7 ಸೂತ್ರಗಳು

ಮೂರಡಿ ಟ್ಯಾಂಕ್ ಮನೆಗೆ ಬಂತೇ? ಶಹಬ್ಬಾಸ್! ಈಗಲೇ ಮೀನಿನ ಅಂಗಡಿಗೆ ಓಡಬೇಡಿ. ‘ನನ್ನ ಕೈಯಲ್ಲಿ ಮೀನು ಉಳಿಯಲ್ಲ’ ಅನ್ನುವ ರಾಗವನ್ನೂ ನಿಲ್ಲಿಸಿ. ಕೈಗುಣ ಅಂತೇನೂ ಇಲ್ಲ, ಇರುವುದು ಆಯ್ಕೆ. ಪೆನ್ನು ಹಿಡಿಯಿರಿ.

1. ಲೀಟರ್ ಲೆಕ್ಕ ಹಾಕಿ.
3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರ ಅಂದರೆ ಸುಮಾರು 127 ಲೀಟರ್. ಮರಳು, ಕಲ್ಲು, ಮೇಲೆ ಖಾಲಿ ಬಿಟ್ಟ ಜಾಗ ಕಳೆದರೆ ಉಳಿಯುವುದು 100ರ ಆಸುಪಾಸು. ಇದೇ ನಿಮ್ಮ ಬಜೆಟ್. ಮೀರಬೇಡಿ.

2. ನೀರಿಗೆ ತಕ್ಕ ಮೀನು ಆರಿಸಿ.
ಬಕೆಟ್‌ಗೆ ಬಿಳಿ ಕಲೆ ಕಟ್ಟುವ ಬೋರ್‌ವೆಲ್ ನೀರೇ? ಅದು ಗಡಸು ನೀರು. ಗಪ್ಪಿ, ಮೊಲ್ಲಿ, ಪ್ಲಾಟಿಗಳಿಗೆ ಅದರಲ್ಲಿ ಹಬ್ಬ. ನಿಯಾನ್ ಟೆಟ್ರಾ ಅಮೆಜಾನ್ ಕಡೆಯ ಮೆದು ನೀರಿನ ಜೀವ, ಅದಕ್ಕೆ ಇದು ಒಗ್ಗುವುದು ಕಷ್ಟ. ಕೆಮಿಕಲ್ ಸುರಿದು ನೀರನ್ನು ಬದಲಿಸುವ ಸಾಹಸ ಬೇಡ; ಮೀನಿಗೆ ಗಡಸುತನಕ್ಕಿಂತ ದಿನಕ್ಕೊಂದು ಥರದ ನೀರೇ ದೊಡ್ಡ ಕಾಟ. ಗೋಲ್ಡ್‌ಫಿಶ್ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿ. ಅದಕ್ಕೆ ತಂಪು ಬೇಕು, ಗಲೀಜೂ ಜಾಸ್ತಿ.

3. ಅಂಗಡಿಯ ಸೈಜ್ ನಂಬಬೇಡಿ.
ಅಲ್ಲಿರುವುದು ಮರಿ. ಎರಡು ಇಂಚಿನ ಸಿಲ್ವರ್ ಶಾರ್ಕ್ ಒಂದಡಿ ದಾಟುತ್ತದೆ. ‘ಗಾಜು ಕ್ಲೀನ್ ಮಾಡುತ್ತೆ ಸಾರ್’ ಅಂತ ಕೊಡುವ ಸಕ್ಕರ್ ಫಿಶ್ ಕೂಡ ಅಷ್ಟೇ, ಮೇಲಾಗಿ ಕ್ಲೀನ್ ಮಾಡುವುದಕ್ಕಿಂತ ಹೆಚ್ಚು ಗಲೀಜು ಮಾಡುತ್ತದೆ. ಕೊಳ್ಳುವ ಮೊದಲು ಒಂದೇ ಪ್ರಶ್ನೆ ಕೇಳಿ: ‘ಪೂರ್ತಿ ಬೆಳೆದರೆ ಎಷ್ಟು ಉದ್ದ?’

4. ಬಾಯಿ ನೋಡಿ, ಬುದ್ಧಿ ನೋಡಿ.
ಬಾಯಿಗೆ ಹಿಡಿಸುವುದೆಲ್ಲ ಮೀನಿಗೆ ಊಟ. ಬೆಳೆದ ಏಂಜಲ್ ರಾತ್ರೋರಾತ್ರಿ ನಿಯಾನ್‌ಗಳನ್ನು ಖಾಲಿ ಮಾಡಬಲ್ಲದು. ಟೈಗರ್ ಬಾರ್ಬ್‌ಗೆ ಬಾಯಿ ಚಿಕ್ಕದು, ಚಪಲ ದೊಡ್ಡದು: ಉದ್ದ ರೆಕ್ಕೆ ಕಂಡರೆ ಕಚ್ಚುತ್ತದೆ. ನನ್ನ ಏಂಜಲ್‌ಗಳ ರೆಕ್ಕೆ ಎರಡೇ ದಿನದಲ್ಲಿ ಚಿಂದಿಯಾದಾಗ ಈ ಪಾಠ ಕಲಿತೆ. ಗಂಡು ಫೈಟರ್ ಒಂದಕ್ಕಿಂತ ಹೆಚ್ಚು ಬೇಡ. ಆಸ್ಕರ್, ಫ್ಲವರ್‌ಹಾರ್ನ್‌ಗಳ ವಿಷಯ ಇಲ್ಲಿ ಮಾತಾಡುವುದೇ ಬೇಡ.

5. ಗುಂಪಿನ ಮೀನನ್ನು ಗುಂಪಿನಲ್ಲೇ ತನ್ನಿ.
ಅಂಗಡಿಯವರು ಜೋಡಿ ಲೆಕ್ಕದಲ್ಲಿ ರೇಟ್ ಹೇಳುತ್ತಾರೆ. ಟೆಟ್ರಾಗಳಿಗೆ ಆ ಲೆಕ್ಕ ಗೊತ್ತಿಲ್ಲ. ಟೆಟ್ರಾ, ರಾಸ್‌ಬೋರಾ, ಕೋರಿಡೋರಾಸ್ ಕನಿಷ್ಠ 6 ಇರಲಿ. ಕಡಿಮೆಯಾದರೆ ಹೆದರಿ ಮೂಲೆ ಸೇರುತ್ತವೆ. ಐದು ಜಾತಿಯ ಎರಡೆರಡು ಮೀನಿಗಿಂತ ಒಂದೇ ಜಾತಿಯ ಹತ್ತು ಮೀನು ನೋಡಲೂ ಚೆಂದ.

6. ಮಹಡಿ ಹಂಚಿ.
ಮೆದು ನೀರಿದ್ದರೆ ಈ ಟೀಮ್ ಕಟ್ಟಿ: ಮೇಲೆ ಒಂದು ಜೋಡಿ ಹನಿ ಗೌರಾಮಿ, ನಡುವೆ 10 ಹಾರ್ಲೆಕ್ವಿನ್ ರಾಸ್‌ಬೋರಾ, ತಳದಲ್ಲಿ 6 ಕೋರಿಡೋರಾಸ್. ಮೂರಕ್ಕೂ 24–26 ಡಿಗ್ರಿ ಸೆಲ್ಸಿಯಸ್ ಹಿತ. ತಳಕ್ಕೆ ಚೂಪು ಜಲ್ಲಿ ಬೇಡ, ನಯವಾದ ಮರಳು ಹಾಕಿ. ಕೋರಿಡೋರಾಸ್ ಮೀಸೆಯಿಂದಲೇ ತಡಕಿ ತಿನ್ನುವ ಮೀನು. ಗಡಸು ನೀರೇ? 8 ಜೀಬ್ರಾ ಡೇನಿಯೊ, 6 ಪ್ಲಾಟಿ. ಪ್ಲಾಟಿಯಲ್ಲಿ ಒಂದು ಗಂಡಿಗೆ ಎರಡು ಹೆಣ್ಣು ಇರಲಿ, ಇಲ್ಲದಿದ್ದರೆ ಗಂಡು ಬೆನ್ನು ಬಿಡುವುದಿಲ್ಲ. ಮರಿಗಳ ಕಾಟ ಬೇಡವೆಂದರೆ ಬರೀ ಗಂಡು ತನ್ನಿ.

7. ಕಾಯಿರಿ.
ಅತಿ ಕಷ್ಟದ ಸೂತ್ರ ಇದೇ. ಮೀನಿನ ಮಲದಿಂದ, ಮಿಕ್ಕ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಖಾಲಿ ಟ್ಯಾಂಕ್‌ಗೆ ಚಿಟಿಕೆ ಮೀನಿನ ಆಹಾರ ಹಾಕುತ್ತಾ ಅವನ್ನು ಬೆಳೆಸಿ. ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಸಿದ್ಧವಾಯಿತು ಅಂದುಕೊಳ್ಳಬೇಡಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಲಿ. ಆಗ ಮೊದಲ ಗುಂಪು ತನ್ನಿ, ಎರಡು ವಾರ ಬಿಟ್ಟು ಮುಂದಿನದು. ಕವರ್ ಸಮೇತ 20 ನಿಮಿಷ ತೇಲಿಬಿಡಿ, ಬಲೆಯಲ್ಲಿ ಎತ್ತಿ ಮೀನನ್ನಷ್ಟೇ ಒಳಗೆ ಬಿಡಿ, ಅಂಗಡಿಯ ನೀರು ಗಿಡಕ್ಕೆ ಹೋಗಲಿ. ಲೈಟ್ ಆರಿಸಿ. ಆ ರಾತ್ರಿ ಊಟ ಹಾಕಬೇಡಿ.