ಪುಟ್ಟಿ, ಆ ನಾಯಿಯನ್ನು ತರುವ ಮುಂಚೆ



ನೀನು ವಾಟ್ಸ್ಯಾಪಿನಲ್ಲಿ ಕಳಿಸಿದ ಫೋಟೊ ನೋಡಿದೆ. ಬಿಳಿ ಕೂದಲು, ಕಣ್ಣಿನ ಕೆಳಗೆ ಕಂದು ಗೀಟು, ಒಂದು ಕಿವಿ ಮೇಲೆ, ಒಂದು ಕೆಳಗೆ. ತೂಕ ನಾಲ್ಕೂವರೆ ಕೆಜಿ, ವಯಸ್ಸು ಹತ್ತರ ಆಸುಪಾಸು, ಹೃದಯದ ಕವಾಟ ಸೋರುತ್ತಿದೆ ಅಂತ ಶೆಲ್ಟರಿನವರು ಹೇಳಿದರಂತೆ. ಶನಿವಾರ ಹೋಗಿ ತರುವ ಮನಸ್ಸು ನಿನಗೆ. "ಇಂಥವು ಎಷ್ಟು ವರ್ಷ ಬದುಕುತ್ತವೆ ಅತ್ತೆ?" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಲು ಹೋದರೆ ಅತ್ತುಬಿಡುತ್ತೇನೆ, ಅದಕ್ಕೇ ಈ ಕಾಗದ. ನಿನ್ನ ಹಾಗೆ ಮನಸ್ಸು ಮಾಡಿ ಕೂತವರು ಇನ್ನೂ ಇರುತ್ತಾರೆಂದು ಪತ್ರಿಕೆಗೂ ಒಂದು ಪ್ರತಿ ಕಳಿಸುತ್ತಿದ್ದೇನೆ. ಹೆಸರು ಹಾಕಿಲ್ಲ, ಸಿಟ್ಟಾಗಬೇಡ.

ನಮ್ಮ ಜಿಮ್ಮಿ ನಿನಗೆ ನೆನಪಿರಬೇಕು. ಪಾರ್ಕಿನ ಕಂಬಿಗೆ ಯಾರೋ ಕಟ್ಟಿಹೋಗಿದ್ದರು, ಪಕ್ಕದಲ್ಲಿ ಒಂದು ಪಾರ್ಲೆ-ಜಿ ಪೊಟ್ಟಣ. ಆ ಪೊಟ್ಟಣ ಕಂಡು ನಿನ್ನ ಮಾವನಿಗೆ ಬಂದ ಸಿಟ್ಟು ನಾಯಿಯನ್ನು ಕಂಡಾಗಲೂ ಬಂದಿರಲಿಲ್ಲ. ಹೆಸರು ಗೊತ್ತಿಲ್ಲ. ಪಿಂಕಿ ಅಂದೆವು, ಸ್ನೋಯಿ ಅಂದೆವು. ಜಿಮ್ಮಿ ಅಂದಾಗ ಕಿವಿ ನಿಮಿರಿತು. ಹೆಣ್ಣುನಾಯಿ, ಇರಲಿ ಬಿಡು. ನಾವೆಲ್ಲ ಪಾಮೆರೇನಿಯನ್ ಅಂತ ಕರೆಯುವ ಈ ಬಿಳಿ ನಾಯಿಗಳು ಹೆಚ್ಚಿನಂಶ ಇಂಡಿಯನ್ ಸ್ಪಿಟ್ಜ್ ತಳಿಯವು. ಒಂದು ಕಾಲಕ್ಕೆ ನಮ್ಮಂಥ ಮಧ್ಯಮ ವರ್ಗದ ಮನೆಗಳಲ್ಲಿ ನಾಯಿ ಅಂದರೆ ಅದೇ. 1994ರ 'ಹಮ್ ಆಪ್ ಕೆ ಹೈ ಕೌನ್' ಚಿತ್ರದ ಟಫಿಯೂ ಇದೇ ಜಾತಿ. ಚಿಕ್ಕ ಮೈ, ದೀರ್ಘಾಯುಷ್ಯ. ಆ ಆಯುಷ್ಯದ ಕೊನೆಯಲ್ಲಿ ಕೆಮ್ಮು ಶುರುವಾದಾಗ ಪಾರ್ಕಿನ ಕಂಬಿ.

ಕೆಮ್ಮಿನ ವಿಷಯ ಹೇಳಬೇಕು, ನಾವು ಮೋಸಹೋದದ್ದು ಅಲ್ಲೇ. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಕತ್ತು ನೀಡಿ ಕೆಮ್ಮುತ್ತಿತ್ತು. ಮೊದಲು ನೋಡಿದ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಡದೆಯೇ ಒಂದು ತಿಂಗಳು ಕೆಮ್ಮಿನ ಔಷಧಿ ಕುಡಿಸಿದರು. ಎರಡನೆಯವರು ಎದೆಗೆ ಕಿವಿಗೊಟ್ಟ ಅರ್ಧ ನಿಮಿಷದಲ್ಲೇ ಕವಾಟದ ಸದ್ದು ಹಿಡಿದರು. ಎಡ ಹೃತ್ಕರ್ಣಕ್ಕೂ ಹೃತ್ಕುಕ್ಷಿಗೂ ನಡುವಿನ ಮೈಟ್ರಲ್ ಕವಾಟ ವಯಸ್ಸಾದಂತೆ ದಪ್ಪಗಾಗಿ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಮುಂದೆ ಹೋಗಬೇಕಾದ ರಕ್ತ ಹಿಂದಕ್ಕೆ ಸೋರುತ್ತದೆ, ಹೃದಯ ಊದುತ್ತದೆ, ಊದಿದ ಹೃದಯ ಶ್ವಾಸನಾಳವನ್ನು ಒತ್ತುತ್ತದೆ. ಚಿಕ್ಕ ತಳಿಗಳಿಗೆ ಬರುವ ಹೃದಯರೋಗ ಬಹುಪಾಲು ಇದೇ. ಹಾಗಾಗಿ ಶನಿವಾರ ಹೋದಾಗ ಮುದ್ದು ಮಾಡುವ ಮುಂಚೆ ಕಾಗದಪತ್ರ ಕೇಳು. ಎಕ್ಸ್‌ರೇ, ಎಕೋ ಮಾಡಿಸಿದ್ದಾರೆಯೇ, ಹೃದಯ ದೊಡ್ಡದಾಗಿದೆಯೇ, ಶ್ವಾಸಕೋಶದಲ್ಲಿ ಒಮ್ಮೆಯಾದರೂ ನೀರು ತುಂಬಿತ್ತೇ? ಕವಾಟ ಸೋರುತ್ತಿದ್ದೂ ಆರಾಮಾಗಿ ವರ್ಷಗಟ್ಟಲೆ ಓಡಾಡಿಕೊಂಡಿರುವ ನಾಯಿಗಳಿವೆ. ನೀರು ತುಂಬಿದ ಮೇಲೆ ಲೆಕ್ಕ ಬೇರೆ. ಹೃದಯ ಊದಿದೆ, ಆದರೆ ನೀರು ತುಂಬಿಲ್ಲ ಅನ್ನುವ ಹಂತದಲ್ಲೇ ಪಿಮೊಬೆಂಡಾನ್ ಮಾತ್ರೆ ಶುರುಮಾಡಿದರೆ ಆ ಗಂಡಾಂತರವನ್ನು ಸರಾಸರಿ 15 ತಿಂಗಳಷ್ಟು ಮುಂದೂಡಬಹುದು ಅಂತ 2016ರಲ್ಲಿ ಪ್ರಕಟವಾದ ಎಪಿಕ್ ಅಧ್ಯಯನ ತೋರಿಸಿತು. ನಾಯಿಯ ಲೆಕ್ಕದಲ್ಲಿ 15 ತಿಂಗಳು ಸಣ್ಣದಲ್ಲ ಕಣೇ.

ಆದರೆ ನೀನು ವರ್ಷದ ಲೆಕ್ಕ ಕೇಳುತ್ತಿದ್ದೀಯ. ನಾನು ವಾರದ ಲೆಕ್ಕ ಹೇಳುತ್ತೇನೆ. ಬೆಳಿಗ್ಗೆ ಒಂದು ಮಾತ್ರೆ, ರಾತ್ರಿ ಒಂದು, ವಾರಕ್ಕೆ 14 ಹೊತ್ತು. ಹನ್ನೆರಡು ಗಂಟೆಗೊಮ್ಮೆ, ಊಟಕ್ಕೆ ಒಂದು ಗಂಟೆ ಮುಂಚೆ. ಆಫೀಸಿನ ಪಾರ್ಟಿ ಇದ್ದ ದಿನವೂ, ನಿನಗೆ ಜ್ವರ ಬಂದ ದಿನವೂ, ನಿನ್ನ ತಮ್ಮನ ಮದುವೆಯ ದಿನವೂ. ಅದರಲ್ಲಿ ನೀನು ಎಷ್ಟು ಹೊತ್ತು ಕೊಡಬಲ್ಲೆ, ಮಿಕ್ಕಿದ್ದನ್ನು ಯಾರು ಕೊಡುತ್ತಾರೆ? ಆ ಎರಡನೆಯ ಮನುಷ್ಯನ ಹೆಸರು ಮೊದಲು ಬರೆದಿಟ್ಟುಕೋ. ಮನೆಯ ಇನ್ನೊಂದು ಬೀಗದಕೈ ಅವರ ಹತ್ತಿರ ಇರಬೇಕು.

ಕೊಟ್ಟೆ ಅಂದರೂ ಆಗಲಿಲ್ಲ, ನುಂಗಿತೇ ನೋಡಬೇಕು. ಬಾಳೆಹಣ್ಣಿನ ಚೂರಿನಲ್ಲಿ ಇಟ್ಟರೆ ನಮ್ಮ ಜಿಮ್ಮಿ ಹಣ್ಣು ತಿಂದು ಬಾಲ ಅಲ್ಲಾಡಿಸಿ ಹೋಗುತ್ತಿದ್ದಳು. ಆಯುಧಪೂಜೆಗೆಂದು ಸೋಫಾ ಸರಿಸಿದಾಗ ಏಳು ಮಾತ್ರೆ ಸಿಕ್ಕವು! ಅವತ್ತಿನಿಂದ ಬಾಯಿ ಬಿಡಿಸಿ ನಾಲಿಗೆಯ ಬುಡಕ್ಕೇ ಇಟ್ಟು ಗಂಟಲು ಸವರುವ ವಿದ್ಯೆ ಕಲಿತೆ, ಅರವತ್ತೆರಡನೇ ವಯಸ್ಸಿನಲ್ಲಿ.

ಇನ್ನೊಂದು ವಿದ್ಯೆ ಉಸಿರು ಎಣಿಸುವುದು. ನಾಯಿ ಗಾಢ ನಿದ್ದೆಯಲ್ಲಿದ್ದಾಗ ಎದೆ ಏರಿ ಇಳಿದರೆ ಒಂದು. ನಿಮಿಷಕ್ಕೆ 30ರ ಒಳಗಿದ್ದರೆ ನೆಮ್ಮದಿ. ದಿನದಿಂದ ದಿನಕ್ಕೆ ಮೇಲೇರುತ್ತಿದ್ದರೆ ಕೆಮ್ಮು ಇಲ್ಲದಿದ್ದರೂ ಡಾಕ್ಟರಿಗೆ ಫೋನ್ ಮಾಡು. ನಿನ್ನ ಮಾವ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ದಿನಾ ಬರೆಯುತ್ತಿದ್ದರು: 22, 24, 21. ಒಂದು ರಾತ್ರಿ 38. ಆಟೊ ಹಿಡಿದು ಓಡಿದೆವು. ಲಾಸಿಕ್ಸ್ ಇಂಜೆಕ್ಷನ್ ಕೊಟ್ಟು, ಆಮ್ಲಜನಕ ಇಟ್ಟು ಉಳಿಸಿಕೊಟ್ಟರು.

ಆಮೇಲಿನದು ನನ್ನ ತಪ್ಪು, ಮುಚ್ಚಿಡುವುದಿಲ್ಲ. ಲಾಸಿಕ್ಸ್ ಕೊಟ್ಟರೆ ಮೈಯ ನೀರೆಲ್ಲ ಮೂತ್ರವಾಗಿ ಹೋಗುತ್ತದೆ. ಹಾಸಿಗೆ, ಚಾಪೆ, ಒಮ್ಮೆ ದೇವರಮನೆಯ ಹೊಸಿಲು ಕೂಡ. ಬೇಸತ್ತು ರಾತ್ರಿ ನೀರಿನ ಬಟ್ಟಲು ಎತ್ತಿಟ್ಟೆ. ಎರಡೇ ದಿನಕ್ಕೆ ನಾಯಿ ಕಾಲಮೇಲೆ ನಿಲ್ಲದಾಯಿತು. ಕಿಡ್ನಿಗೆ ಪೆಟ್ಟು ಬೀಳುವುದರಲ್ಲಿತ್ತು. ಡ್ರಿಪ್ ಹಾಕುತ್ತಾ ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಲಾಸಿಕ್ಸ್ ತಿನ್ನುವ ನಾಯಿಯ ಮುಂದಿನಿಂದ ನೀರು ಎತ್ತಬೇಡ. ಹಳೇ ಸೀರೆ ಬೇಕಾದಷ್ಟಿವೆ, ಕಳಿಸುತ್ತೇನೆ.

ನೆಂಟರನ್ನು ನಿಭಾಯಿಸುವುದು ಔಷಧಿಗಿಂತ ಕಷ್ಟ. "ಪಾಪ, ಒಂದೇ ಒಂದು" ಅಂತ ಕೋಡುಬಳೆ, ಹಪ್ಪಳ ಹಾಕುತ್ತಾರೆ. ಈ ಹೃದಯಕ್ಕೆ ಉಪ್ಪು ಆಗದು. ಪಾಯಸದ ದ್ರಾಕ್ಷಿ, ಈರುಳ್ಳಿ, ಚಾಕೊಲೇಟು ಯಾವ ನಾಯಿಗೂ ಆಗದು. ಮನೆಯ ಡಬ್ಬಿಯಲ್ಲಿರುವ ನೋವಿನ ಮಾತ್ರೆಯನ್ನಂತೂ ಮುಟ್ಟಿಸಲೇಬೇಡ. ಕುತ್ತಿಗೆಗೆ ಬೆಲ್ಟೂ ಬೇಡ. ಈ ತಳಿಗೆ ಶ್ವಾಸನಾಳವೇ ಮೆತ್ತಗೆ, ಎದೆಗೆ ಕಟ್ಟುವ ಹಾರ್ನೆಸ್ ಹಾಕು. ಪಟಾಕಿಗೆ ಏನು ಮಾಡುತ್ತೀಯೋ ಈಗಲೇ ಯೋಚಿಸು. ಇಲ್ಲಿ ಮೈಸೂರಿನಲ್ಲಿ ವಿಜಯದಶಮಿಗೆ 21 ಕುಶಾಲತೋಪು ಹಾರಿಸುವಾಗ ಜಿಮ್ಮಿಯನ್ನು ಒಳರೂಮಿನಲ್ಲಿ ಮಡಿಲಿಗೆ ಹಾಕಿಕೊಂಡು, ಮಿಕ್ಸಿ ಓಡಿಸಿ ಕೂರುತ್ತಿದ್ದೆ.

ದುಡ್ಡಿನ ಮಾತು ಚುಟುಕಾಗಿ ಹೇಳುತ್ತೇನೆ. ಮೊದಲೇ ಇರುವ ಕಾಯಿಲೆಗೆ ವಿಮೆ ಸಿಗುವುದಿಲ್ಲವೆಂದೇ ಇಟ್ಟುಕೋ. ಅವಳ ಔಷಧಿಯ ಬಿಲ್ಲು ಪ್ರತಿ ತಿಂಗಳೂ ನಮ್ಮ ಕರೆಂಟ್ ಬಿಲ್ಲನ್ನು ಮೀರಿಸುತ್ತಿತ್ತು. ತುರ್ತಿಗೆಂದು ಬೇರೆ ದುಡ್ಡು ಇರಲೇಬೇಕು. ಇನ್ನು ನಿನ್ನ ಬಾಡಿಗೆ ಮನೆ. ಅಪಾರ್ಟ್‌ಮೆಂಟಿನ ಸಂಘ ನಾಯಿ ಸಾಕಬೇಡಿ, ಲಿಫ್ಟ್ ಹತ್ತಿಸಬೇಡಿ ಅನ್ನುವಂತಿಲ್ಲ. ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹಾಗೆ ಹೇಳುತ್ತದೆ. ಆದರೆ ಮನೆ ಓನರ್ ಜೊತೆಗಿನ ಕರಾರು ಬೇರೆ ವಿಷಯ, ಅವರನ್ನು ಕೇಳಿ ಬರೆಸಿಕೋ. ಓನರ್ ಬೇಡವೆಂದದ್ದಕ್ಕೆ ಮತ್ತೆ ಶೆಲ್ಟರಿಗೆ ಹೋಗುವ ನಾಯಿಗೆ ಅದು ಎರಡನೇ ಪಾರ್ಕಿನ ಕಂಬಿ.

'777 ಚಾರ್ಲಿ' ನೋಡಿ ನೀನು ಎರಡು ದಿನ ಊಟ ಬಿಟ್ಟಿದ್ದೆ ಅಂತ ನಿಮ್ಮಮ್ಮ ಹೇಳಿದ್ದಳು. ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರೂ ಅದನ್ನು ನೋಡಿ ತಮ್ಮ ನಾಯಿಯನ್ನು ನೆನೆದು ಕಣ್ಣೀರು ಹಾಕಿದ್ದರು. ಅಳುವುದು ತಪ್ಪಲ್ಲ. ಆದರೆ ಸಿನಿಮಾದಲ್ಲಿ ಕಾಯಿಲೆಯ ನಾಯಿ ಹಿಮ ನೋಡಲು ಹೊರಡುತ್ತದೆ, ಮನೆಯಲ್ಲಿ ಅದು ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆ ಹೊರಡುತ್ತದೆ. ಪ್ರಾಣಿಗಳನ್ನು ನೋಡಿಕೊಳ್ಳುವ ಬೆಂಗಳೂರಿನ ಕ್ಯೂಪಾ ಸಂಸ್ಥೆಯನ್ನು ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಶುರುಮಾಡಿದಾಗ ಆಕೆಗೆ ಎಂಬತ್ತು ದಾಟಿತ್ತು. ಆ ವಯಸ್ಸಿನಲ್ಲಿ ಬರೀ ಕನಿಕರದಿಂದ ಅಂಥ ಕೆಲಸ ನಡೆದೀತೇ? ದಿನಾ ಎದ್ದು ಮಾಡುವ ಹಟ ಬೇಕು. ನನಗೆ ಆಕೆಯ ಮೇಲೆ ಗೌರವ ಇರುವುದು ಆ ಹಟಕ್ಕೆ.

ನಿನ್ನ ಕಂಪನಿ ಮುಂದಿನ ವರ್ಷ ಜರ್ಮನಿಗೆ ಕಳಿಸಬಹುದು ಅಂದಿದ್ದೆಯಲ್ಲ, ಅದು ಖಚಿತವಾಗಿದ್ದರೆ ದತ್ತು ಬೇಡ. ಕೆಲವು ಸಂಸ್ಥೆಗಳು ಕೆಲವು ತಿಂಗಳ ಮಟ್ಟಿಗೆ ಮನೆಯಲ್ಲಿ ಇಟ್ಟುಕೊಳ್ಳಲು ಫಾಸ್ಟರ್ ಅಂತ ಕೊಡುತ್ತವೆ, ಅದನ್ನು ಕೇಳು. ಅದರಲ್ಲಿ ಅವಮಾನವೇನಿಲ್ಲ. ಹೋಗುವುದಿಲ್ಲ, ಎರಡನೇ ಬೀಗದಕೈಗೂ ಜನ ಸಿಕ್ಕಿದ್ದಾರೆ ಅಂದರೆ ನನ್ನ ಮಾತು ಇಷ್ಟೇ: ತಾ.

ಜಿಮ್ಮಿ ನಮ್ಮೊಂದಿಗೆ ಎರಡು ವರ್ಷ ನಾಲ್ಕು ತಿಂಗಳು ಇದ್ದಳು. ತನಗೆ ಕಾಯಿಲೆ ಅನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ. ಹಾಲಿನವನ ಸೈಕಲ್ಲು ಕಂಡರೆ ಕೊನೆಯ ತಿಂಗಳಲ್ಲೂ ಬೊಗಳುತ್ತಿದ್ದಳು. ಪುಸ್ತಕದ ಕೊನೆಯ ಸಾಲಿನಲ್ಲಿ 56 ಅಂತಿದೆ. ಅವತ್ತು ಯಾವ ಇಂಜೆಕ್ಷನ್ನಿಗೂ ಅದು ಇಳಿಯಲಿಲ್ಲ. ಇನ್ನು ನರಳಿಸುವುದು ಬೇಡ ಅಂತ ಹೇಳಬೇಕಾದದ್ದು ನಾವೇ, ಹೇಳಿದ್ದು ನಿನ್ನ ಮಾವ. ನಾನು ತಲೆ ಹಿಡಿದುಕೊಂಡಿದ್ದೆ. ಆ ದಿನ ನಿನಗೂ ಬರುತ್ತದೆ. ಬಂದಾಗ ಫೋನ್ ಮಾಡು, ಮೊದಲನೇ ಬಸ್ಸಿಗೆ ಹೊರಡುತ್ತೇನೆ.

ಅವಳ ಹಾರ್ನೆಸ್ ಒಗೆದು ಬೀರುವಿನಲ್ಲಿ ಇಟ್ಟಿದ್ದೇನೆ. ಶನಿವಾರ ಹೋದಾಗ ಟೇಪು ತಗೊಂಡು ಹೋಗಿ ಮುಂಗಾಲಿನ ಹಿಂದೆ, ಎದೆಯ ಸುತ್ತಳತೆ ತೆಗೆದು ಎಷ್ಟು ಇಂಚು ಅಂತ ತಿಳಿಸು. 16ರ ಒಳಗಿದ್ದರೆ ಅದೇ ಆಗುತ್ತದೆ.

ಇಂತಿ,
ನಿನ್ನ ಅತ್ತೆ