ಹಾಲು ಕಾಯಿಸಿದರಷ್ಟೇ ಸಾಕೆ?

ಹಾಲನ್ನು ಚೆನ್ನಾಗಿ ಕಾಯಿಸಿ ಕುಡಿಯಬೇಕೆಂಬುದು ನಿಮಗೆಲ್ಲ ತಿಳಿದ ವಿಷಯ. ಕುದಿಸಿದ ಹಾಲಿನಲ್ಲಿ ಕ್ಷಯ, ಬ್ರುಸೆಲ್ಲೋಸಿಸ್ ಮುಂತಾದ ರೋಗಗಳ ಜೀವಾಣುಗಳು ಉಳಿಯುವುದಿಲ್ಲ. ಆದರೆ ಎಷ್ಟು ಕುದಿಸಿದರೂ ಪೂರ್ತಿ ಹೋಗದ ವಸ್ತುವೊಂದು ಹಾಲಿನಲ್ಲಿರಬಹುದು. ಅದು ಹಸುವಿಗೆ ಕೊಟ್ಟ ಔಷಧಿ. ಅದನ್ನು ತಡೆಯಬೇಕಾದ ಜಾಗ ಅಡುಗೆಮನೆಯಲ್ಲ, ಕೊಟ್ಟಿಗೆ.

ಕರೆಯುವ ಹಸುಗಳಿಗೆ ಕೆಚ್ಚಲು ಬಾವು ಬರುವುದು ಸಾಮಾನ್ಯ. ಆಗ ಪೆನಿಸಿಲಿನ್‌ನಂತಹ ಆಂಟಿಬಯೋಟಿಕ್ ಔಷಧಿಗಳನ್ನು ಕೊಡುತ್ತಾರೆ. ಬಾವು ಇಳಿದ ಮೇಲೂ ಕೆಲವು ದಿನ ಈ ಔಷಧಿಯ ಅಂಶ ಹಾಲಿನಲ್ಲಿ ಬರುತ್ತಿರುತ್ತದೆ. ಪೆನಿಸಿಲಿನ್ ಒಗ್ಗದವರಿಗೆ ಇಂಥ ಹಾಲಿನಿಂದ ತುರಿಕೆ, ದದ್ದು ಏಳಬಹುದು. ಇದಕ್ಕಿಂತ ದೊಡ್ಡ ಅಪಾಯವೂ ಇದೆ. ಆಂಟಿಬಯೋಟಿಕ್‌ಗಳನ್ನು ಮನಬಂದಂತೆ ಬಳಸಿದರೆ ರೋಗಾಣುಗಳು ಅವುಗಳಿಗೆ ಬಗ್ಗದಂತಾಗುತ್ತವೆ. ಮುಂದೆ ಮನುಷ್ಯರಿಗೆ ಸೋಂಕಾದಾಗ ಅದೇ ಔಷಧಿ ಕೆಲಸ ಮಾಡುವುದಿಲ್ಲ. ಈ ಕಾರಣಕ್ಕಾಗಿಯೇ ಕೇಂದ್ರ ಸರ್ಕಾರ 2019ರಲ್ಲಿ ಕೋಳಿ ಹಾಗೂ ಆಹಾರಕ್ಕಾಗಿ ಸಾಕುವ ಇತರ ಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಔಷಧಿ ಕೊಡುವುದನ್ನು ನಿಷೇಧಿಸಿತು.

ಆದ್ದರಿಂದ ಔಷಧಿ ಕೊಟ್ಟ ನಂತರ ಇಂತಿಷ್ಟು ದಿನ ಕಾಯಬೇಕೆಂಬ ನಿಯಮವಿದೆ. ಅಲ್ಲಿಯವರೆಗೆ ಆ ಹಸುವಿನ ಹಾಲನ್ನು ಮಾರಬಾರದು, ಮನೆಯವರೂ ಕುಡಿಯಬಾರದು. 2012ರಲ್ಲಿ ಬಂದ ನಿಯಮದಂತೆ ಈ ಅವಧಿಯನ್ನು ಔಷಧಿಯ ಲೇಬಲ್ ಮೇಲೆ ಮುದ್ರಿಸಬೇಕು. ಆ ಔಷಧಿಗೆಂದೇ ಅವಧಿ ನಿಗದಿಯಾಗಿರದಿದ್ದರೆ ಹಾಲು, ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ ಕಾಯಬೇಕು. ಯಾವ ಔಷಧಿ, ಎಷ್ಟು ಪ್ರಮಾಣ, ಹಾಲನ್ನು ಡೇರಿಗೆ ಮತ್ತೆ ಎಂದು ಹಾಕಬಹುದು ಎಂಬುದನ್ನು ನಿರ್ಧರಿಸಿ ಹೇಳುವವರು ಪಶುವೈದ್ಯರು. ಕರೆದ ಹಾಲನ್ನು ಚೆಲ್ಲಲು ಯಾರಿಗೂ ಮನಸ್ಸು ಬಾರದು, ನಿಜ. ಆದರೆ ಒಂದು ಹಸುವಿನ ಹಾಲು ಡೇರಿಯ ಕ್ಯಾನಿಗೆ ಬಿದ್ದರೆ ಹತ್ತಾರು ಮನೆಯ ಮಕ್ಕಳ ಲೋಟಕ್ಕೆ ಹೋಗುತ್ತದೆ.

ಪಶುವೈದ್ಯರ ಕಾವಲು ಇಷ್ಟಕ್ಕೇ ಮುಗಿಯದು. ಹಸು ಕಂದು ಹಾಕುವಂತೆ ಮಾಡುವ, ಮನುಷ್ಯರಿಗೂ ಹರಡುವ ಬ್ರುಸೆಲ್ಲೋಸಿಸ್ ತಡೆಯಲು ಅವರು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಲಸಿಕೆ ಹಾಕುತ್ತಾರೆ. ಅಧಿಕೃತ ಕಸಾಯಿಖಾನೆಗಳಲ್ಲಿ ಪ್ರಾಣಿಯನ್ನು ವಧೆಗೆ ಮುಂಚೆ ಒಮ್ಮೆ, ನಂತರ ಮಾಂಸವನ್ನು ಒಮ್ಮೆ ಪರೀಕ್ಷಿಸುತ್ತಾರೆ.

ನೀವೇನು ಮಾಡಬೇಕು?

● ಹಸು ಸಾಕಿದ್ದರೆ, ಅಂಗಡಿಯಿಂದ ನೀವೇ ಔಷಧಿ ತಂದು ಕೊಡಬೇಡಿ. ಪಶುವೈದ್ಯರನ್ನು ಕರೆಸಿ, ಎಷ್ಟು ದಿನದ ಹಾಲು ಬಿಡಬೇಕೆಂದು ಕೇಳಿ, ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

● ವರ್ತನೆಯವರಿಂದ ಹಾಲು ಕೊಳ್ಳುವವರಾದರೆ, ಹಸುವಿಗೆ ಔಷಧಿ ನಡೆಯುತ್ತಿದೆಯೇ ಎಂದು ವಿಚಾರಿಸಲು ಸಂಕೋಚಪಡಬೇಡಿ.

● ರೋಗದಿಂದ ಸತ್ತ ಪ್ರಾಣಿಯ ಮಾಂಸ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ.

● ಹಾಲು ಕಾಯಿಸುವುದನ್ನು ಮಾತ್ರ ಎಂದಿಗೂ ಬಿಡಬೇಡಿ.