ಹಿಟ್ಟಿನ ಹುಳುವಿನ ವರ್ಣತಂತುಗಳು

ಬಹುದಿನ ಇಟ್ಟ ಹಿಟ್ಟನ್ನು ಜರಡಿ ಹಿಡಿದಾಗ ಮೇಲೆ ಉಳಿಯುವ ಕೆಂಗಂದು ಬಣ್ಣದ ಸಣ್ಣ ಹುಳುವನ್ನು ಅರಿಯದವರು ವಿರಳ. ಉಗ್ರಾಣಕ್ಕೆ ಶತ್ರುವಾದ ಈ ಜೀವಿಯು ಅನುವಂಶಿಕ ಶಾಸ್ತ್ರಕ್ಕೆ ಮಾತ್ರ ಮಿತ್ರನಾಗಿದೆ. ಟ್ರೈಬೋಲಿಯಮ್ ಕ್ಯಾಸ್ಟೇನಿಯಮ್ ಎಂಬುದು ಇದರ ಶಾಸ್ತ್ರೀಯ ನಾಮ. ಇದರ ಜೀವಕೋಶಗಳಲ್ಲಿ 10 ಜೊತೆ ವರ್ಣತಂತುಗಳಿವೆ. ಬೆಚ್ಚನೆಯ ಸ್ಥಳದಲ್ಲಿ ಸುಮಾರು ಒಂದು ತಿಂಗಳಿಗೆ ಮೊಟ್ಟೆಯು ಪ್ರೌಢ ಕೀಟವಾಗುವುದರಿಂದ ಹಲವು ತಲೆಮಾರುಗಳನ್ನು ಒಂದು ಸೀಸೆ ಹಿಟ್ಟಿನಲ್ಲಿಯೇ ಪರೀಕ್ಷಿಸಬಹುದು.

ವರ್ಣತಂತು ಎಂಬಲ್ಲಿ ವರ್ಣವೆಂದರೆ ಬಣ್ಣ, ಅಕ್ಷರವಲ್ಲ. ಬಣ್ಣವನ್ನು ಹೀರಿ ಸೂಕ್ಷ್ಮದರ್ಶಕದಲ್ಲಿ ಎದ್ದು ಕಾಣುವ ತಂತುವೆಂದು ಅರ್ಥ. ಆದರೂ ಅಕ್ಷರದ ಹೋಲಿಕೆ ಇಲ್ಲಿ ಸಲ್ಲುತ್ತದೆ. ಪದದಲ್ಲಿ ಒಂದಕ್ಷರ ಲೋಪವಾಗಿ ಅರ್ಥ ಕೆಟ್ಟಾಗ ಆ ಅಕ್ಷರದ ಬೆಲೆ ತಿಳಿಯುವಂತೆ, ತಂತುವಿನ ಮೇಲಿನ ವಂಶವಾಹಿಯೊಂದು ಕೆಟ್ಟಾಗ ಅದರ ಕಾರ್ಯವು ತಿಳಿದುಬರುತ್ತದೆ. ಹೀಗೆ ವಂಶವಾಹಿಯಲ್ಲಿ ಉಂಟಾಗುವ ಮಾರ್ಪಾಟಿಗೆ ಉತ್ಪರಿವರ್ತನೆಯೆಂದು ಹೆಸರು.

ಕ್ಷ-ಕಿರಣಗಳಿಂದ ಉತ್ಪರಿವರ್ತನೆಯನ್ನು ಉಂಟುಮಾಡಬಹುದೆಂದು ಎಚ್. ಜೆ. ಮುಲ್ಲರ್ 1927ರಲ್ಲಿ ಹಣ್ಣಿನ ನೊಣದಲ್ಲಿ ತೋರಿಸಿದನು. ಅದೇ ರೀತಿಯಲ್ಲಿ ಗಂಡು ಹಿಟ್ಟಿನ ಹುಳುಗಳನ್ನು ಕಿರಣಗಳಿಗೆ ಒಡ್ಡಿ, ಆರೋಗ್ಯವಂತ ಹೆಣ್ಣುಗಳೊಡನೆ ಕೂಡಿಸುತ್ತಾರೆ. ಪ್ರಬಲ ದೋಷವು ಮಕ್ಕಳಲ್ಲಿಯೇ ಕಾಣುತ್ತದೆ. ಅಡಗಿದ ದೋಷವು ಒಂದೇ ಮನೆತನದೊಳಗೆ ಕೂಡಿಸಿದಾಗ ಮುಂದಿನ ತಲೆಮಾರುಗಳಲ್ಲಿ ಹೊರಬೀಳುತ್ತದೆ.

ದೋಷದ ನೆಲೆಯನ್ನು ಗುರುತಿಸುವುದು ಹೇಗೆ? ಒಂದೇ ತಂತುವಿನಲ್ಲಿ ಹತ್ತಿರವಿರುವ ವಂಶವಾಹಿಗಳು ಸಾಮಾನ್ಯವಾಗಿ ಜೊತೆಯಾಗಿಯೇ ಸಂತತಿಗೆ ಇಳಿಯುತ್ತವೆ. ಆದರೆ ಅಂಡ, ವೀರ್ಯಾಣುಗಳು ರೂಪುಗೊಳ್ಳುವಾಗ ಜೊತೆತಂತುಗಳು ತಮ್ಮ ಭಾಗಗಳನ್ನು ಅದಲುಬದಲು ಮಾಡಿಕೊಳ್ಳುವುದುಂಟು. ವಂಶವಾಹಿಗಳ ನಡುವಣ ದೂರ ಹೆಚ್ಚಿದಂತೆ ಅವು ಅಗಲುವ ಸಂಭವವೂ ಹೆಚ್ಚುತ್ತದೆ. ತಕ್ಕ ಸಂಕರದಿಂದ ಹುಟ್ಟಿದ 200 ಮರಿಗಳಲ್ಲಿ 10 ಮಾತ್ರ ಹೊಸ ಜೋಡಣೆಯವಾದರೆ ನಡುವಣ ದೂರವು 5 ಮಾನಗಳು. ಈ ತತ್ತ್ವದ ಮೇಲೆ ಸ್ಟರ್ಟೆವಾಂಟನು 1913ರಲ್ಲಿ ಮೊದಲ ನಕ್ಷೆಯನ್ನು ರಚಿಸಿದನು.

ಇಂತಹ ನಕ್ಷೆಯಿಂದ ವಿಸ್ಮಯಕರ ಸತ್ಯಗಳು ಬೆಳಕಿಗೆ ಬಂದಿವೆ. ದೇಹದ ಖಂಡಗಳ ರೂಪವನ್ನು ನಿರ್ಣಯಿಸುವ ವಂಶವಾಹಿಗಳು ಹಣ್ಣಿನ ನೊಣದಲ್ಲಿ ಎರಡು ಗುಂಪುಗಳಾಗಿ ಒಡೆದಿದ್ದರೆ, ಈ ಹುಳುವಿನಲ್ಲಿ ಒಂದೇ ಗುಂಪಾಗಿವೆಯೆಂದು ಅಮೆರಿಕದ ರಿಚರ್ಡ್ ಬೀಮನ್ 1987ರಲ್ಲಿ ಪ್ರಕಟಿಸಿದನು. ಆ ಗುಂಪಿನ ಬಹುಭಾಗವು ಲೋಪವಾದ ಭ್ರೂಣದಲ್ಲಿ ಕಾಲಿರಬೇಕಾದೆಡೆಯಲ್ಲಿಯೂ ಮೀಸೆಗಳೇ ಮೂಡುತ್ತವೆಂಬುದು 1991ರಲ್ಲಿ ತಿಳಿದುಬಂದಿತು. 2008ರಲ್ಲಿ ಈ ಕೀಟದ ಸಮಗ್ರ ವಂಶಲಿಪಿಯೇ ಪ್ರಕಟವಾಯಿತು.

ಈ ವಿದ್ಯೆಯು ಕೇವಲ ಕುತೂಹಲಕ್ಕಲ್ಲ. ಧಾನ್ಯರಕ್ಷಣೆಗೆ ಬಳಸುವ ಫಾಸ್ಫೀನ್ ಅನಿಲಕ್ಕೆ ಮಣಿಯದ ಹುಳುಗಳು ಹುಟ್ಟಿಕೊಂಡಿವೆ. ಆ ನಿರೋಧಕ್ಕೆ ಕಾರಣವಾದ ಒಂದು ವಂಶವಾಹಿಯನ್ನು ನಕ್ಷೆಯ ಮಾರ್ಗದಿಂದಲೇ ಹುಡುಕಿ 2012ರಲ್ಲಿ ಗುರುತಿಸಲಾಯಿತು. ಅನ್ನವನ್ನು ಕಾಯಬೇಕಾದವನು ಅದನ್ನು ಕೆಡಿಸುವ ಜೀವಿಯ ಒಳಗನ್ನೂ ಅರಿತಿರಬೇಕು. ಕ್ಷುದ್ರವೆಂದು ಕಾಲಿನಿಂದ ಒರೆಸಿಹಾಕುವ ಹುಳುವಿನಲ್ಲಿಯೂ ಓದತಕ್ಕ ಗ್ರಂಥವೊಂದಿದೆ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.